ಮೂರು ಉಡುಗೊರೆ ಸಾಲದೆ?

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಈಗ ನಮ್ಮ ಹುನಗುಂದದ ಅಂಗಡಿಗಳಲ್ಲಿಯೂ ಕೆಂಪು ಟೊಪ್ಪಿಗೆಗಳು ತೂಗಾಡತೊಡಗುತ್ತವೆ. ಅಂಚಿಗೆ ಬಿಳಿ ಅರಳೆ, ತುದಿಗೊಂದು ಅರಳೆಯ ಗುಂಡು. ಕೊಳ್ಳುವವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಿ ತಂದೆಗಳು. ಶಾಲೆಯಲ್ಲಿ ಸಾಂತಾ ಕ್ಲಾಸ್ ವೇಷ ಇರುತ್ತದೆ, ಟೊಪ್ಪಿಗೆ ಇಲ್ಲದೆ ಹೋದರೆ ಮಗು ಅಳುತ್ತದೆ. ನನಗೆ ಇದರ ಬಗ್ಗೆ ಏನೂ ತಕರಾರಿಲ್ಲ. ಹಬ್ಬ ಯಾರದಾದರೇನು, ಮಕ್ಕಳು ಕುಣಿದರೆ ಮನೆಗೂ ಚಂದ, ಓಣಿಗೂ ಚಂದ. ನನ್ನ ತಕರಾರು ಇರುವುದು ಆ ಟೊಪ್ಪಿಗೆಯ ಬೆನ್ನಿಗೆ ಬರುವ ಚೀಲದ ಬಗ್ಗೆ.

ಆ ಚೀಲದ ಮೂಲ ಪುರುಷ ಸಂತ ನಿಕೋಲಸ್. ಈಗಿನ ಟರ್ಕಿ ದೇಶದಲ್ಲಿರುವ ಮೈರಾ ಎಂಬ ಊರಿನಲ್ಲಿ ನಾಲ್ಕನೆಯ ಶತಮಾನದಲ್ಲಿ ಬಿಷಪ್ ಆಗಿದ್ದವನು. ಮೂವರು ಹೆಣ್ಣುಮಕ್ಕಳ ಮದುವೆಗೆ ವರದಕ್ಷಿಣೆ ಕೊಡಲಾರದೆ ಕಂಗೆಟ್ಟಿದ್ದ ಬಡ ತಂದೆಯ ಮನೆಗೆ, ರಾತ್ರಿ ಹೊತ್ತಿನಲ್ಲಿ ಯಾರಿಗೂ ಕಾಣದ ಹಾಗೆ ಹೊನ್ನಿನ ಗಂಟು ಎಸೆದು ಹೋದನೆಂಬುದು ಅವನ ಕುರಿತ ಐತಿಹ್ಯ. ಕೊಟ್ಟದ್ದು ತೀರಾ ಬೇಕಾದವರಿಗೆ, ಬೇಕಾದಷ್ಟೇ, ಅದೂ ಹೆಸರು ಹೇಳದೆ. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ ಅಚ್ಚಾದ ಮಕ್ಕಳ ಪದ್ಯವೊಂದು ಅವನನ್ನು ಹಿಮದ ಗಾಡಿ ಹತ್ತಿಸಿ, ಹೊಗೆಗೂಡಿನಿಂದ ಒಳಗಿಳಿಸಿ, ಬೆನ್ನ ಮೇಲೆ ಆಟಿಕೆಗಳ ಹೊರೆ ಹೊರಿಸಿತು. 1931ರಿಂದ ಕೋಕಾಕೋಲಾ ಕಂಪನಿಯ ಜಾಹೀರಾತುಗಳು ಅವನ ನಗುಮುಖವನ್ನು ಲೋಕಕ್ಕೆಲ್ಲ ಹಂಚಿದವು. ಹೆಸರು ಹೇಳದೆ ಕೊಟ್ಟವನು ಕಡೆಗೆ ಮಾರಾಟದ ಏಜೆಂಟನಾದ.

ನಮ್ಮ ಭಾಗದಲ್ಲಿಯೂ ಒಂದು ಚೀಲ ಪ್ರಸಿದ್ಧವಾಗಿದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಅಪ್ಪಗಳು 1975ರಲ್ಲಿ ಹೆಗಲಿಗೆ ಹಾಕಿಕೊಂಡ ಮಹಾಂತ ಜೋಳಿಗೆ. ಅವರು ಊರೂರು ತಿರುಗಿ ಬೇಡಿದ್ದು ದುಡ್ಡನ್ನಲ್ಲ, ಜನರ ದುಶ್ಚಟಗಳನ್ನು. ಕೊಡುವ ಚೀಲ ಅದು, ಇಸಿದುಕೊಳ್ಳುವ ಚೀಲ ಇದು. ಎರಡನ್ನೂ ಒಮ್ಮೊಮ್ಮೆ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಇರಲಿ.

ಕ್ರಿಸ್‌ಮಸ್ಸನ್ನು ಹತ್ತಿರದಿಂದ ಕಂಡದ್ದು ನಾನು ಗುಳೇದಗುಡ್ಡದಲ್ಲಿ. ಹುನಗುಂದದಿಂದ ಅಮೀನಗಡ, ಕಮತಗಿ ದಾಟಿ ಹೋಗಬೇಕು. ಖಣಕ್ಕೆ ಹೆಸರಾದ ಈ ನೇಕಾರರ ಊರಿಗೆ ಬಾಸೆಲ್ ಮಿಶನ್ನಿನವರು ಬಂದದ್ದು 1851ರಲ್ಲಿ. ಅವರು 1834ರಲ್ಲಿ ಮಂಗಳೂರಿಗೆ ಇಳಿದು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಎನ್ನುತ್ತ ಮೇಲೆ ಮೇಲೆ ಬಂದವರು. ನನ್ನೊಡನೆ ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದ ಗೆಳೆಯರ ಮನೆ ಅಲ್ಲಿದೆ. ಪ್ರತಿ ವರ್ಷ ಡಿಸೆಂಬರ್ 25ರ ಮಧ್ಯಾಹ್ನದ ಊಟ ನಮ್ಮದು ಅಲ್ಲಿಯೇ, ಹೋಗುವಾಗ ಅಮೀನಗಡದಲ್ಲಿ ಇಳಿದು ಒಂದು ಕಿಲೋ ಕರದಂಟು ಒಯ್ಯುವುದು ವಾಡಿಕೆ.

ಅವರ ಮನೆಯ ಹಬ್ಬದಲ್ಲಿ ಥಳುಕು ಕಡಿಮೆ. ಬಿದಿರು ಕಡ್ಡಿಗೆ ಬಣ್ಣದ ಹಾಳೆ ಅಂಟಿಸಿ ಮಕ್ಕಳೇ ಮಾಡಿದ ನಕ್ಷತ್ರ ಬಾಗಿಲಿಗೆ. ಒಳಗೆ ಮೂಲೆಯಲ್ಲಿ ಜೋಳದ ದಂಟು, ಕಣಕಿ ಹಾಸಿ ಮಾಡಿದ ಗೋದಲಿ. ಅದರಲ್ಲಿಯ ಆಕಳು, ಕುರಿ ಎಲ್ಲ ಎರಿ ಮಣ್ಣಿನವು. ಕರ್ಚಿಕಾಯಿ, ಚಕ್ಕಲಿ, ಶೇಂಗಾ ಹೋಳಿಗೆ. ಮಕ್ಕಳಿಗೆ ಒಂದು ಜೊತೆ ಹೊಸ ಅರಿವೆ, ಜೊತೆಗೆ ತಲೆಗೊಂದು ಸಾಮಾನು. ಒಂದೇ. ಗೆಳೆಯರ ಮೊಮ್ಮಕ್ಕಳು ಪುಣೆಯಿಂದ ಬಂದವರು. ಒಮ್ಮೆ ಇದರ ಬಗ್ಗೆ ಗೊಣಗಿದಾಗ ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ.

‘ಯೇಸುಸ್ವಾಮಿ ಹುಟ್ಟಿದಾಗ ಮೂಡಣ ದೇಶದಿಂದ ಜೋಯಿಸರು ಬಂದ್ರು. ಅಷ್ಟು ದೂರದಿಂದ ಬಂದವರು ತಂದಿದ್ದೇನು? ಬಂಗಾರ, ಧೂಪ, ರಕ್ತಬೋಳ. ಮೂರಽ ಮೂರು. ದೇವರ ಮಗಗ ಮೂರು ಸಾಕಾದ್ವು, ನನ್ನ ಮೊಮ್ಮಕ್ಕಳಿಗೆ ಮೂವತ್ತು ಯಾಕ್ ಬೇಕು ಹೇಳ್ರಿ ಸರ?’

ಊಟಕ್ಕೆ ಮುಂಚೆ ಆ ಮನೆಯಲ್ಲಿ ಇನ್ನೊಂದು ಕೆಲಸ ಇರುತ್ತದೆ. ತಾಟಿಗೆ ಫರಾಳ ಹಾಕಿ, ಮೇಲೆ ಅರಿವೆ ಮುಚ್ಚಿ, ಓಣಿಯ ಮನೆ ಮನೆಗೆ ಮುಟ್ಟಿಸಿ ಬರುವುದು. ಅದನ್ನು ಮಾಡುವವರು ಮಕ್ಕಳು, ಮನೆಯ ಹಿರಿಯರಲ್ಲ. ಹೋದ ಮನೆಯವರು ತಾಟನ್ನು ಖಾಲಿ ಮರಳಿಸಬಾರದೆಂದು ಒಂದಿಷ್ಟು ಸಕ್ಕರೆಯನ್ನೋ ಬೆಲ್ಲವನ್ನೋ ಹಾಕಿ ಕಳಿಸುತ್ತಾರೆ. ಮಕ್ಕಳಿಗೆ ಆ ಒಂದು ತಾಸು ಎಂಥ ದೊಡ್ಡಸ್ತಿಕೆ!

2022ರ ಡಿಸೆಂಬರಿನಲ್ಲಿ ನನ್ನ ಮೊಮ್ಮಗಳು ಬೆಂಗಳೂರಿನಿಂದ ಬಂದಳು. ಹಿಂದಿನ ವಾರವಷ್ಟೇ ನಾಲ್ಕು ತುಂಬಿತ್ತು. ಅಲ್ಲಿ ಒಂದು ಹಾಲ್ ಹಿಡಿದು ಹುಟ್ಟುಹಬ್ಬ ಮಾಡಿದ್ದರು. ಬಂದ ಉಡುಗೊರೆಗಳನ್ನು ಬಿಚ್ಚಲು ಪುರುಸೊತ್ತಾಗದೆ ಎರಡು ದೊಡ್ಡ ಬ್ಯಾಗಿನಲ್ಲಿ ತುಂಬಿ ರಾತ್ರಿ ಬಸ್ಸಿನಲ್ಲಿ ತಂದಿದ್ದರು. ಮರುದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಬಿಚ್ಚುವ ಕಾರ್ಯಕ್ರಮ. ನಾನು ಕುರ್ಚಿ ಹಾಕಿಕೊಂಡು ಕುಳಿತು ನೋಡಿದೆ. ಮೊದಲನೆಯ ಡಬ್ಬಿಯಲ್ಲಿ ಅಡಿಗೆ ಆಟದ ಪಾತ್ರೆಗಳಿದ್ದವು. ಅವಳು ಒಂದು ಸವಟು ತೆಗೆದು ನನಗೆ ಸಾರು ಬಡಿಸಿದಳು. ಎರಡನೆಯದು ಬರುತ್ತಲೇ ಸವಟು ಕೆಳಗೆ ಬಿತ್ತು. ಏಳನೆಯದಕ್ಕೆ ಬರುವ ಹೊತ್ತಿಗೆ ಒಳಗೆ ಏನಿದೆಯೆಂದು ಇಣುಕುವುದನ್ನೂ ಬಿಟ್ಟಳು. ಹೊಳೆಯುವ ಕಾಗದವನ್ನು ಪರ್ ಪರ್ ಎಂದು ಹರಿಯುವುದಷ್ಟೇ ಉಳಿದ ಸುಖ. ‘ಇನ್ನೊಂದು?’ ಎನ್ನುತ್ತಿದ್ದಳು. ಇಪ್ಪತ್ತಾರು ಮುಗಿದಾಗಲೂ ‘ಇನ್ನೊಂದು?’ ಎಂದು ಕೇಳಿ, ಇಲ್ಲವೆಂದಾಗ ಚಾಪೆಯ ಮೇಲೆ ಉರುಳಾಡಿ ಅತ್ತಳು. ಇಪ್ಪತ್ತಾರು ಸಾಮಾನುಗಳ ನಡುವೆ ಕುಳಿತು ಏನೂ ಇಲ್ಲವೆಂದು ಅಳುವ ಕೂಸು! ಬ್ಯಾಟರಿ ಹಾಕಿದ ನಾಯಿಯೊಂದು ಅತ್ತಿಂದಿತ್ತ ಓಡಾಡುತ್ತ ಬೊಗಳುತ್ತಿತ್ತು. ಅದರ ಆಟವನ್ನು ಅದೇ ಆಡಿಕೊಳ್ಳುತ್ತಿತ್ತು, ಮಗುವಿಗೆ ಮಾಡಲು ಏನೂ ಉಳಿದಿರಲಿಲ್ಲ.

ಇದು ಒಂದು ಮಗುವಿನ ಹಟವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದೊಳಗಿನ 36 ಕೂಸುಗಳನ್ನು ಆಟಕ್ಕೆ ಬಿಟ್ಟು ನೋಡಿ, 2018ರಲ್ಲಿ ಅದನ್ನು ಪ್ರಕಟಿಸಿದ್ದಾರೆ. ಒಮ್ಮೆ ಮುಂದೆ ನಾಲ್ಕು ಆಟಿಕೆ, ಇನ್ನೊಮ್ಮೆ ಹದಿನಾರು. ನಾಲ್ಕೇ ಇದ್ದಾಗ ಕೂಸುಗಳು ಒಂದೊಂದನ್ನೂ ಹೆಚ್ಚು ಹೊತ್ತು ಹಿಡಿದು, ಹೆಚ್ಚು ಬಗೆಯಲ್ಲಿ ಆಡಿದವು. ಹದಿನಾರು ಇದ್ದಾಗ ಒಂದರಿಂದ ಒಂದಕ್ಕೆ ಹಾರಿದವು. ನಮ್ಮ ಅಜ್ಜಿಯಂದಿರು ಇದನ್ನು ಪ್ರಯೋಗ ಮಾಡದೆಯೇ ಬಲ್ಲವರಾಗಿದ್ದರು ಎನ್ನಬಹುದು. ಆದರೆ ಅವರ ಕೈಯಲ್ಲಿ ಹದಿನಾರು ಕೊಳ್ಳುವಷ್ಟು ದುಡ್ಡೂ ಇರಲಿಲ್ಲ ಎಂಬುದನ್ನು ಮರೆಯಬಾರದು. ಬಡತನವನ್ನು ಜಾಣತನವೆಂದು ಹೊಗಳುವ ಚಟ ನಮ್ಮ ವಯಸ್ಸಿನವರಿಗೆ ಸ್ವಲ್ಪ ಹೆಚ್ಚು.

ಆ ವರ್ಷ ಎಳ್ಳ ಅಮಾವಾಸ್ಯೆ ಡಿಸೆಂಬರ್ 23ಕ್ಕೆ ಬಂದಿತ್ತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋದೆವು. ಬನ್ನಿಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪಾಂಡವರ ಪೂಜೆ ಆದಮೇಲೆ ಚರಗ ಚೆಲ್ಲಲು ಹೊರಟಾಗ ಮೊಮ್ಮಗಳ ಕೈಗೂ ಒಂದು ಬಟ್ಟಲು ಕೊಟ್ಟೆವು. ಭೂಮಿತಾಯಿ ಬಸುರಿ, ಅವಳಿಗೆ ಉಣ್ಣಿಸಬೇಕು ಎಂದು ನಮ್ಮ ಮನೆಯಾಕೆ ಹೇಳಿದ್ದೇ ತಡ, ಕಡಲೆ ಸಾಲಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿ ಚೆಲ್ಲಿದಳು. ‘ಅಜ್ಜಾ, ಅಲ್ಲಿ ಊಟ ಮುಟ್ಟಿಲ್ಲ’ ಎಂದು ಮತ್ತೆ ಬಟ್ಟಲು ತುಂಬಿಸಿಕೊಂಡು ಹೋದಳು. ಎರಡು ದಿನ ಬಿಟ್ಟು ಗುಳೇದಗುಡ್ಡದಲ್ಲಿ ಗೆಳೆಯರ ಮೊಮ್ಮಕ್ಕಳ ಜೊತೆ ತಾಟು ಹಿಡಿದು ಓಣಿ ಸುತ್ತಿದಳು. ಗೆಳೆಯರ ಹೆಂಡತಿ ಖಣದ ತುಂಡಿನಲ್ಲಿ ಹೊಲಿದ ಗೊಂಬೆಯೊಂದನ್ನು ಅವಳಿಗೆ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಹುನಗುಂದ ಮುಟ್ಟಿದಳು.

ನಮ್ಮ ಕಡೆಯ ಮಕ್ಕಳ ಹಬ್ಬಗಳನ್ನು ಒಮ್ಮೆ ನೆನೆಸಿಕೊಂಡು ನೋಡಿ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯ ದಂಡೆಯ ಎರಿ ಮಣ್ಣು ತಂದು ಎತ್ತು ಮಾಡುವುದು, ಮರುದಿನ ಅದರಲ್ಲೊಂದರ ಕಾಲು ಮುರಿದು ಕುಂಟೆತ್ತೆಂದು ಮನೆ ಮನೆಗೆ ಒಯ್ದು ಜೋಳ ಎತ್ತುವುದು, ಬಂದದ್ದರಲ್ಲಿ ಎಲ್ಲರೂ ಕೂಡಿ ಅಡಿಗೆ ಮಾಡಿ ಉಣ್ಣುವುದು. ಆಷಾಢದಲ್ಲಿ ಹುಡುಗಿಯರ ಗುಳ್ಳವ್ವ, ಕಣ್ಣಿಗೆ ಗುಲಗಂಜಿ. ಪಂಚಮಿಯ ನಾಗಪ್ಪ, ಚೌತಿಯ ಗಣಪ್ಪ, ಅವನ ಹಿಂದೆಯೇ ಜೋಕುಮಾರ. ಎಲ್ಲವೂ ಮಣ್ಣು, ಹಬ್ಬ ಮುಗಿದ ಮೇಲೆ ನೀರಿಗೆ. ದಸರೆಗೆ ಬನ್ನಿ ಕೊಡುವುದು, ಸಂಕ್ರಮಣಕ್ಕೆ ಕುಸುರೆಳ್ಳು ಕೊಡುವುದು. ಇವುಗಳಲ್ಲಿ ಮಗು ಒಂದೆಡೆ ಕುಳಿತು ಇಸಿದುಕೊಳ್ಳುವ ಹಬ್ಬ ಯಾವುದಿದೆ? ಮಾಡುವುದು, ಒಯ್ಯುವುದು, ಕೊಡುವುದು ಇದೇ ಅದರ ಪಾಲಿನ ಆಟ. ಗುಳೇದಗುಡ್ಡದ ತಾಟಿಗೂ ನಮ್ಮ ಕುಸುರೆಳ್ಳಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಈಗಿನ ಹುಟ್ಟುಹಬ್ಬದಲ್ಲಿಯಾದರೋ ಮಗುವನ್ನು ಅಲಂಕರಿಸಿ ಕುರ್ಚಿಯಲ್ಲಿ ಕೂಡಿಸಿ, ಅದರ ಮುಂದೆ ಗುಡ್ಡ ಒಟ್ಟುತ್ತೇವೆ.

ಆ ಗುಡ್ಡ ಯಾರದು? ನನ್ನ ಸೊಸೆಯನ್ನು ಕೇಳಿದೆ. ಅವಳ ಉತ್ತರ ಪ್ರಾಮಾಣಿಕವಾಗಿತ್ತು. ‘ಮಾವಾರ, ನಾವು ಇಪ್ಪತ್ತು ಮನೀಗೆ ಹೋಗಿ ಕೊಟ್ಟೀವಿ. ಅವರು ತಿರುಗಿ ಕೊಡ್ತಾರ. ಬ್ಯಾಡ ಅಂದ್ರ ಸಿಟ್ಟಾಗ್ತಾರ.’ ಅಂದರೆ ಇದು ಮುಯ್ಯಿ. ಮದುವೆಯಲ್ಲಿ ಆಹೇರಿ ಬರೆದುಕೊಳ್ಳುವ ದೊಡ್ಡವರ ಲೆಕ್ಕದ ಪುಸ್ತಕವನ್ನೇ ನಾಲ್ಕು ವರ್ಷದ ಕೂಸಿನ ತಲೆಯ ಮೇಲೆ ಇಟ್ಟಿದ್ದೇವೆ. ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಲು ಯಾರಿಗೂ ಸಂಕೋಚವಿಲ್ಲ. ಮಕ್ಕಳ ಹುಟ್ಟುಹಬ್ಬದ ಕರೆಯಲ್ಲಿ ಅದನ್ನೇ ಬರೆಯಲು ಏನಡ್ಡಿ? ಮಗ ನಡುವೆ ಬಾಯಿ ಹಾಕಿ, ‘ನಮಗಂತೂ ಇರಲಿಲ್ಲ, ಅವಳಿಗಾದ್ರೂ ಇರಲಿ’ ಎಂದ. ಈ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿಲ್ಲ! ಇದರಲ್ಲಿ ಪ್ರೀತಿಯಿದೆ. ಆದರೆ ಆ ಗೊಂಬೆ ಬೇಕಾಗಿದ್ದದ್ದು ಮೂವತ್ತು ವರ್ಷದ ಹಿಂದಿನ ಹುಡುಗನಿಗೆ.

ಇದು ಉಳ್ಳವರ ಮನೆಯ ಮಾತಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಂದು ಮನೆಯಿದೆ. ತಂದೆ ದಿನಾಲು ಇಳಕಲ್ಲಿಗೆ ಹೋಗಿ ಮಗ್ಗದಲ್ಲಿ ದುಡಿಯುತ್ತಾನೆ. ಹೊಟ್ಟೆ ಬಟ್ಟೆ ಕಟ್ಟಿ ಮಗಳನ್ನು ಫೀ ಕೊಡುವ ಶಾಲೆಗೆ ಹಾಕಿದ್ದಾರೆ. ಎರಡನೆಯ ಇಯತ್ತೆಯ ಆ ಹುಡುಗಿಗೆ ಆಗಾಗ ಹೊಟ್ಟೆ ನೋವು ಬರುತ್ತಿತ್ತು. ಬೆಳಿಗ್ಗೆ ಬರುವುದು, ಶಾಲೆಯ ಗಂಟೆ ಬಾರಿಸಿದ ಮೇಲೆ ಹೋಗುವುದು. ಡಾಕ್ಟರಿಗೆ ತೋರಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ತಾಯಿ ಒಂದು ದಿನ ನಮ್ಮ ಕಟ್ಟೆಗೆ ಬಂದು ಕುಳಿತಳು.

‘ಹೊಟ್ಟಿ ಬ್ಯಾನಿ ಅಲ್ರಿ ಸರ ಅದು. ಕ್ಲಾಸಿನಾಗ ಯಾರದರೆ ಹುಟ್ಟಿದ ದಿನ ಇದ್ದಾಗಷ್ಟ ಬರತೈತಿ. ಎಲ್ಲಾರೂ ಏನರೆ ಒಯ್ತಾರ. ಇಕಿ ಹೋದ ವರ್ಷ ಪೆನ್ಸಿಲ್ ಒಯ್ದಿದ್ಲು. ಬರೇ ಪೆನ್ಸಿಲ್ಲೇನ ಅಂದ್ರಂತ.’

ಏಳು ವರ್ಷದ ಹುಡುಗಿ ಅಪ್ಪನ ಕೂಲಿಯ ಲೆಕ್ಕ ತಿಳಿದು, ಕೇಳಬಾರದೆಂದು ನಿಶ್ಚಯಿಸಿ, ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು.

ಹೈಸ್ಕೂಲು, ಕಾಲೇಜು ಓದುವ ಹುಡುಗ ಹುಡುಗಿಯರು ಈ ಪುಟ ಓದುತ್ತಿದ್ದರೆ ನಿಮಗೂ ಒಂದು ಮಾತು. ‘ಇಷ್ಟು ಮಾರ್ಕ್ಸ್ ತೆಗೆದರೆ ಸೈಕಲ್, ಅಷ್ಟು ತೆಗೆದರೆ ಮೊಬೈಲ್’ ಎಂಬ ಕರಾರು ನಿಮ್ಮ ಮನೆಯಲ್ಲಿಯೂ ಆಗಿರಬಹುದು. 1973ರಲ್ಲಿ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಮೂವರು ಮನಶ್ಶಾಸ್ತ್ರಜ್ಞರು ಇಂಥ ಕರಾರನ್ನೇ ಪರೀಕ್ಷಿಸಿದರು. ತಾವಾಗಿ ಇಷ್ಟಪಟ್ಟು ಚಿತ್ರ ಬರೆಯುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ಚಿತ್ರ ಬರೆಯುವ ಹೊತ್ತು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೇಳದೆ ಆಮೇಲೆ ಕೊಟ್ಟವರಲ್ಲಿ ಆಸೆ ಕುಗ್ಗಿರಲಿಲ್ಲ. ಓದಿನ ರುಚಿ ಹತ್ತಿದ್ದರೆ ಅದಕ್ಕೆ ಸೈಕಲ್ಲಿನ ದರ ಕಟ್ಟಿಸಿಕೊಳ್ಳಬೇಡಿ. ಸೈಕಲ್ ಬೇಕಾದರೆ ಸೈಕಲ್ ಬೇಕೆಂದೇ ಕೇಳಿ.

ಮೊಮ್ಮಗಳ ಇಪ್ಪತ್ತಾರರಲ್ಲಿ ನಾಲ್ಕನ್ನು ಉಳಿಸಿಕೊಂಡು ಮಿಕ್ಕದ್ದನ್ನು ನಮ್ಮ ಮನೆಯಾಕೆ ಅಟ್ಟಕ್ಕೆ ಏರಿಸಿದಳು. ರಜೆಗೆ ಬಂದಾಗ ಎರಡು ಇಳಿಯುತ್ತವೆ, ಎರಡು ಏರುತ್ತವೆ. ಕೆಲವನ್ನು ಅವಳ ಕೈಯಿಂದಲೇ ಅಂಗನವಾಡಿಗೆ ಕೊಡಿಸಿದ್ದೇವೆ. ಬ್ಯಾಟರಿ ನಾಯಿಯನ್ನು ಕೊಡುವಾಗ ಮಾತ್ರ ಸ್ವಲ್ಪ ಕಣ್ಣೀರು ಬಂತು. 2023ರ ಹುಟ್ಟುಹಬ್ಬಕ್ಕೆ ಸೊಸೆ ‘ಉಡುಗೊರೆ ಬೇಡ, ಮಕ್ಕಳು ಒಂದೊಂದು ಕಥೆ ಹೇಳಲಿ’ ಎಂದು ಬರೆದು ಕರೆದಳು. ನಾಲ್ಕು ಮನೆಯವರು ಕೇಳದೆ ತಂದರು. ಇಬ್ಬರು ಬರಲೇ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ಎಂದು ಸೊಸೆಗೆ ಇನ್ನೂ ಅನುಮಾನ.

ನಮ್ಮ ಓಣಿಯ ಹುಡುಗಿಯ ಸಂಗತಿಯನ್ನು, ಹೆಸರು ಹೇಳದೆ, ಅವಳ ಶಾಲೆಯ ಮುಖ್ಯೋಪಾಧ್ಯಾಯರ ಕಿವಿಗೆ ಹಾಕಿದ್ದೇನೆ. ಹುಟ್ಟುಹಬ್ಬದ ಮಗುವೇ ತರಗತಿಯ ಕಪಾಟಿಗೆ ಒಂದು ಪುಸ್ತಕ ಕೊಡಲಿ, ಉಳಿದವರು ಏನೂ ತರುವುದು ಬೇಡ ಎಂಬುದು ನನ್ನ ಸೂಚನೆ. ಅವರಿಗೆ ಒಪ್ಪಿಗೆಯಿದೆ. ಕೆಲವು ಪಾಲಕರು ಮಾತ್ರ, ನಮ್ಮ ದುಡ್ಡು, ನಮ್ಮ ಮಕ್ಕಳು, ಶಾಲೆಗೇನು ಸಂಬಂಧ ಎಂದು ಆಗಲೇ ಗುರುಗುಟ್ಟಿದ್ದಾರೆ. ಪಾಲಕರ ಸಭೆ ಬರುವ ಶನಿವಾರ ಇದೆ. ಹುಡುಗಿಯ ತಾಯಿಯನ್ನೂ ಬರಹೇಳಿದೆ. ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಾಳಂತೆ. ‘ನೀವಽ ಮಾತಾಡ್ರಿ ಸರ, ನಾ ಏನೂ ಅನ್ನಂಗಿಲ್ಲ’ ಎಂದಿದ್ದಾಳೆ.