ತಗಡಿನ ಡಬ್ಬದ ಹೂವು

ಕೆಲಸದ ಮನೆಯಲ್ಲಿ ಸವರಿ ಬಿಸಾಕಿದ್ದ ಎರಡು ಅಡೇನಿಯಂ ಕೊಂಬೆಗಳನ್ನು ಅವ್ವ ಮಡಿಲಲ್ಲಿ ಕಟ್ಟಿಕೊಂಡು ಬಂದಳು. ಊರೋರು ಹಿಡಿದ ಮೇಲೆ ನಮ್ಮ ಸರದಿಗೆ ಸಿಕ್ಕ ಬಿಂದಿಗೆಯಲ್ಲೇ ಉಳಿಸಿ, ನಾವು ಒಂದು ಕೊಂಬೆ ನೆಟ್ಟು ದಿನಾ ನೀರು ಹುಯ್ದೆವು. ಬುಡ ಕೊಳೆತುಹೋಯಿತು.

“ಗಾಯ ಮಾಯೋಕ್ ಮುಂಚೇನೇ ನೀರು ಹುಯ್ದ್ರಲ್ರೋ” ಅಂದಳು ಅವ್ವ.

ಇನ್ನೊಂದನ್ನು ನೆರಳಲ್ಲಿ ವಾರ ಒಣಗಿಸಿದೆವು. ತಗಡಿನ ಡಬ್ಬದ ತಳಕ್ಕೆ ತೂತು ಹೊಡೆದು, ಮರಳು, ಇಟ್ಟಿಗೆ ಚೂರು, ಹಿಡಿ ಹಳೇ ಗೊಬ್ಬರ ಬೆರೆಸಿ ನೆಟ್ಟೆವು. ಮಣ್ಣು ಪೂರ್ತಿ ಒಣಗಿದರಷ್ಟೇ ನೀರು. ಅದರ ರಸ ವಿಷ. ಆಫ್ರಿಕಾದಲ್ಲಿ ಬಾಣದ ಮೊನೆಗೆ ಹಚ್ಚುತ್ತಿದ್ದರು. ಅದಕ್ಕೇ ಮಕ್ಕಳ ಕೈಗೆಟುಕದಂಗೆ ಬಿಸಿಲು ಬೀಳುವ ಗೋಡೆ ಮೇಲಿಟ್ಟೆವು. ಚಳಿಗೆ ಎಲೆಯೆಲ್ಲ ಉದುರಿದಾಗ ಸತ್ತೇಹೋಯಿತು ಅಂದುಕೊಂಡೆವು. ಎರಡನೇ ಬೇಸಿಗೆಗೆ ಡಬ್ಬದ ತುಂಬ ಕೆಂಪು ಹೂ.

ಓಟು ಕೇಳಲು ಕೇರಿಗೆ ಬಂದವರೊಬ್ಬರು ನೋಡಿ ಹೊಗಳಿದರು: “ನಿಮ್ಮಂಗೇ ಕಣಮ್ಮ, ನೀರಿಲ್ದಿದ್ರೂ ನಗ್ತೈತೆ.”

“ಅದು ಗಿಡ ಸ್ವಾಮಿ, ಮೈಯಾಗೇ ನೀರು ಕೂಡಿಟ್ಕಂಡೈತೆ. ನಮ್ ಮೈಯಾಗೆ ಎಲ್ಲೈತೆ?” ಅಂದಳು ಅವ್ವ.

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಬರೀ ಬಾಯಾರಿಕೆಗಲ್ಲ. ಗಿಡಕ್ಕೆ ಕಮ್ಮಿ ನೀರು ಅದರ ಗುಣ; ನಮಗೆ ಅದು ಬೇರೆಯವರು ಹಾಕಿದ ಅಳತೆ.

ಗಿಡಕ್ಕೆ ಒಂದು ಲೋಟ ಸಾಕು. ನಮಗೆ ನಲ್ಲಿ ಬೇಕು.