ಸಿನಿಮಾಕ್ಕೆ ನಾವು ಬರೆದ ಮೊದಲ ಲೆಕ್ಕ

ಕೆಲವು ತಿಂಗಳಿಂದ ಮುಸಫ್ಫಾದಲ್ಲಿ ಸಿಕ್ಕವರೆಲ್ಲ ನಮ್ಮನ್ನು ಕೇಳೋದು ಒಂದೇ ಮಾತು: "ಏನ್ ಸರ್, ಸಿನಿಮಾ ಎಲ್ಲಿಗೆ ಬಂತು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳೋದಕ್ಕಿಂತ ಒಂದೇ ಸಲ ಇಲ್ಲಿ ಬರೆದುಬಿಡೋಣ ಅನ್ನಿಸಿತು. ಇನ್ನೊಂದು ಕಾರಣವೂ ಇದೆ. ಶುರು ಮಾಡುವಾಗ ನಾವು ಒಂದು ತಪ್ಪು ಮಾಡಿದೆವು. ಮುಂದೆ ಸಿನಿಮಾ ಮಾಡೋಣ ಅಂತ ಹೊರಡುವ ನಮ್ಮ ಹುಡುಗರು ಅದನ್ನು ಮಾಡದಿರಲಿ.

ನಾವು ಓದಿದ್ದು ಬಿಕಾಂ, ಮಾಡೋದು ಅಕೌಂಟ್ಸ್. ವಯಸ್ಸು ನಲವತ್ತೈದು ದಾಟಿದೆ. ಈ ವಯಸ್ಸಲ್ಲಿ ಸಿನಿಮಾ ಹುಚ್ಚು ಎಲ್ಲಿಂದ ಬಂತು ಅಂತ ಮನೆಯವರೂ ಕೇಳಿದರು. ಹುಚ್ಚು ಹಳೆಯದು. ನಮ್ಮೂರು ಸಾಗರದ ಕಡೆ. ಕಾಲೇಜು ದಿನಗಳಲ್ಲಿ ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ನಾಟಕ ನೋಡುತ್ತಿದ್ದೆವು, ಸಿನಿಮಾನೂ ನೋಡುತ್ತಿದ್ದೆವು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ನೋಡಿದ್ದು ಅಲ್ಲೇ. 1977ರ ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂದಿತ್ತು ಅಂತ ಗೊತ್ತಿತ್ತು. ಅದಕ್ಕೆ ದುಡ್ಡು ಹಾಕಿದ ಸದಾನಂದ ಸುವರ್ಣ ಅವರು ಮೂಲ್ಕಿಯಿಂದ ಮುಂಬೈಗೆ ಹೋಗಿ ಅಲ್ಲಿ ಕನ್ನಡ ನಾಟಕ ಕಟ್ಟಿದವರು ಅನ್ನೋದು ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಇಲ್ಲಿಗೆ ಬಂದಮೇಲೆ. ಹೊಟ್ಟೆಪಾಡಿಗೆ ಊರು ಬಿಟ್ಟವರೂ ಇಂಥ ಕೆಲಸಕ್ಕೆ ಕೈ ಹಾಕಿದ್ದಾರೆ ಅನ್ನೋದು ನಮಗೆ ದೊಡ್ಡ ಧೈರ್ಯ.

ನಮ್ಮ ಗುಂಪಲ್ಲಿ ಆರು ಜನ. ಮಂಡ್ಯ ಕಡೆಯ ಎಲೆಕ್ಟ್ರಿಷಿಯನ್, ಕುಂದಾಪುರದ ಡ್ರೈವರ್, ಬೀದರಿನ ಎಸಿ ಮೆಕ್ಯಾನಿಕ್, ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡ್ತಾ ಮದುವೆ ವಿಡಿಯೋ ಎಡಿಟ್ ಮಾಡುವ ಹಾಸನದ ಹುಡುಗ, ಕೊಪ್ಪಳದ ಸ್ಕ್ಯಾಫೋಲ್ಡಿಂಗ್ ಕೆಲಸದವನು, ಮತ್ತೆ ನಾವು. ಕೊಪ್ಪಳದವನು ನಮ್ಮ ಕಂಪನಿಯವನೇ. ಊರಲ್ಲಿ ಬಯಲಾಟದಲ್ಲಿ ಪಾತ್ರ ಮಾಡಿದವನು, ಅದಕ್ಕೇ ಅವನೇ ನಮ್ಮ ಹೀರೋ.

ಕಥೆ ಹುಡುಕೋಕೆ ಕಷ್ಟ ಆಗಲಿಲ್ಲ. ನಮಗೂ ಊರಿಗೂ ಒಂದೂವರೆ ಗಂಟೆ ವ್ಯತ್ಯಾಸ. ಸೈಟ್‌ನಿಂದ ಬಸ್ ಬಂದು, ಸ್ನಾನಕ್ಕೆ ಪಾಳಿ, ಒಲೆಗೆ ಪಾಳಿ ಮುಗಿಯುವಾಗ ಇಲ್ಲಿ ಎಂಟೂವರೆ. ಅಲ್ಲಿ ಹತ್ತು. ಬೋಟಿಮ್‌ನಲ್ಲಿ ಕಾಲ್ ಮಾಡಿದರೆ ಮಗು ಮಲಗಿರುತ್ತೆ. ದಿನಾ ಮಗಳ ಜೊತೆ ಮಾತಾಡಬೇಕು ಅಂತ ಓಡೋಡಿ ಬರುವ, ದಿನಾ ತಡವಾಗುವ ಒಬ್ಬ ಅಪ್ಪ. ಹನ್ನೆರಡು ನಿಮಿಷದ ಚಿತ್ರ. ಇದು ಯಾರ ಕಥೆ ಅಂತ ಕೇಳಬೇಡಿ, ನಿಮ್ಮ ರೂಮಿನಲ್ಲೇ ಇಬ್ಬರು ಸಿಕ್ಕಾರು.

ಮೊದಲ ಸಭೆಯಲ್ಲಿ ಎಲ್ಲರ ಬಾಯಲ್ಲೂ ಕ್ಯಾಮೆರಾ ಮಾತೇ. ಯಾವುದು ಬಾಡಿಗೆಗೆ ತರೋಣ, ಲೆನ್ಸ್ ಎಷ್ಟು. ಹಾಸನದ ಹುಡುಗ ಒಂದು ವಿಷಯ ಹೇಳಿದ: ಅಮೆರಿಕದ ಶಾನ್ ಬೇಕರ್ ಅನ್ನೋ ನಿರ್ದೇಶಕ 2015ರಲ್ಲಿ 'ಟ್ಯಾಂಜರೀನ್' ಅನ್ನೋ ಪೂರ್ತಿ ಸಿನಿಮಾವನ್ನು ಐಫೋನ್ 5ಎಸ್‌ನಲ್ಲೇ ತೆಗೆದರು. ಅದಕ್ಕಿಂತ ಒಳ್ಳೇ ಫೋನ್ ನಮ್ಮಲ್ಲಿ ನಾಲ್ಕು ಜನರ ಜೇಬಲ್ಲಿತ್ತು. ಕ್ಯಾಮೆರಾ ಮಾತು ಅಲ್ಲಿಗೆ ನಿಂತಿತು.

ಆಮೇಲೆ ದುಡ್ಡು. ಪವನ್ ಕುಮಾರ್ ಅವರ 'ಲೂಸಿಯಾ' ಎಲ್ಲರಿಗೂ ಗೊತ್ತು. ನಿರ್ಮಾಪಕರು ಸಿಗದಾಗ ಅವರು ಜನರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು, 2013ರಲ್ಲಿ ಚಿತ್ರ ಬಂತು. ಇನ್ನೂ ಹಿಂದೆ, 1976ರ 'ಮಂಥನ್'ಗೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟಿದ್ದರು. ನಮ್ಮ ಗಿರೀಶ್ ಕಾರ್ನಾಡರು ಅದರಲ್ಲಿ ಡಾಕ್ಟರ್ ಪಾತ್ರ ಮಾಡಿದ್ದರು. ಹಾಗೇ ನಾವೂ ಕ್ಯಾಂಪ್ ಕ್ಯಾಂಪ್ ತಿರುಗಿ ಹತ್ತು ಹತ್ತು ದಿರ್ಹಮ್ ಎತ್ತೋಣ ಅಂತ ಡ್ರೈವರ್ ಅಂದ. ಅಲ್ಲೇ ತಡೆದೆವು. ಇಲ್ಲಿ ಪರವಾನಗಿ ಇಲ್ಲದೆ ಸಾರ್ವಜನಿಕರಿಂದ ಚಂದಾ ಎತ್ತೋದು ಅಪರಾಧ. ವಾಟ್ಸಪ್ ಗುಂಪಲ್ಲಿ ಕೇಳಿದರೂ ಅಷ್ಟೇ. ಊರಿನ ಗಣಪತಿ ಚಂದಾ ಲೆಕ್ಕ ಇಲ್ಲಿ ನಡೆಯೋದಿಲ್ಲ, ದಯವಿಟ್ಟು ನೆನಪಿಡಿ. ಆದ್ದರಿಂದ ನಾವು ಆರು ಜನವೇ ತಲಾ 150 ದಿರ್ಹಮ್ ಹಾಕಿದೆವು. ಒಟ್ಟು 900.

ಅಕೌಂಟೆಂಟ್ ಅಂದಮೇಲೆ ಎಕ್ಸೆಲ್ ಶೀಟ್ ಮಾಡಲೇಬೇಕಲ್ಲ. ಹೀಗೆ ಬರೆದೆವು: ಕಾಲರ್ ಮೈಕ್ 140, ಟ್ರೈಪಾಡ್ 60, ಹಾರ್ಡ್ ಡಿಸ್ಕ್ 210, ಎಲ್ಇಡಿ ಲೈಟ್ 85, ಊಟ ಚಹಾ 300, ಟ್ಯಾಕ್ಸಿ 105. ಕಲಾವಿದರು: 0. ತಂತ್ರಜ್ಞರು: 0. ಕೂಡಿದರೆ ಸರಿಯಾಗಿ 900. ಶೀಟ್ ನೋಡಿ ನಮಗೆ ನಾವೇ ಬೆನ್ನು ತಟ್ಟಿಕೊಂಡೆವು.

ಮೊದಲ ಎರಡು ಭಾನುವಾರ ಶೂಟಿಂಗ್. ಸ್ಕ್ರಿಪ್ಟಲ್ಲಿ ಐದು ಜಾಗ ಇತ್ತು. ಬಸ್ ಸ್ಟಾಪ್, ಗ್ಯಾರೇಜುಗಳ ಸಾಲು, ಶಾಬಿಯಾದ ಒಂದು ಅಂಗಡಿ, ಕ್ಯಾಂಪ್ ಗೇಟು, ರೂಮು. ಮೊದಲ ದಿನವೇ ರಸ್ತೆ ಬದಿ ಟ್ರೈಪಾಡ್ ನಿಲ್ಲಿಸಿದಾಗ ಸೆಕ್ಯುರಿಟಿಯವರು ಬಂದು ಪರ್ಮಿಟ್ ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಸಾರ್ವಜನಿಕ ಜಾಗದಲ್ಲಿ ಶೂಟಿಂಗ್ ಮಾಡೋದಾದರೆ ಅಬುಧಾಬಿ ಫಿಲ್ಮ್ ಕಮಿಷನ್ ಮೂಲಕ ಅನುಮತಿ ತಗೋಬೇಕು. ದಾರಿಹೋಕರ ಮುಖವನ್ನು ಅವರ ಒಪ್ಪಿಗೆ ಇಲ್ಲದೆ ತೆಗೆಯಲೂಬಾರದು. ಟ್ಯಾಕ್ಸಿ ಹತ್ತಿ ಇಳಿದು, ಬಿಸಿಲಲ್ಲಿ ನಿಂತು, ಎರಡು ದಿನದಲ್ಲಿ ಉಪಯೋಗಕ್ಕೆ ಬರುವಂಥದ್ದು ಸಿಕ್ಕಿದ್ದು ನಲವತ್ತು ಸೆಕೆಂಡ್.

ಮೂರನೇ ಭಾನುವಾರ ನಮ್ಮ ಹೀರೋ ಬರಲೇ ಇಲ್ಲ. ಫೋನೂ ಎತ್ತಲಿಲ್ಲ. ಉಳಿದ ಐದು ಜನ ಬಾಯಿಗೆ ಬಂದಂಗೆ ಬೈದೆವು. "ಎರಡು ದಿನಕ್ಕೇ ಸ್ಟಾರ್ ಆಗ್ಬಿಟ್ಟ" ಅಂತ ಒಬ್ಬ ಅಂದ. ನಾವೂ ನಕ್ಕೆವು.

ಸೋಮವಾರ ಆಫೀಸಲ್ಲಿ ಟೈಮ್‌ಶೀಟ್ ಮುಂದೆ ಕೂತಿದ್ದೆವು. ತಿಂಗಳ ಸಂಬಳದ ಕೆಲಸ. ಸಾಲು ಸಾಲು ಹೆಸರು, ಒಂದೊಂದಕ್ಕೂ ಓವರ್‌ಟೈಮ್ ಗಂಟೆ. ಅವನ ಸಾಲಿಗೆ ಬಂದಾಗ ಕೈ ನಿಂತಿತು. ಹಿಂದಿನ ತಿಂಗಳುಗಳಲ್ಲಿ ಸೈಟ್ ಇದ್ದ ಭಾನುವಾರ ಒಂದನ್ನೂ ಅವನು ಬಿಟ್ಟಿರಲಿಲ್ಲ. ಈ ತಿಂಗಳು ಎರಡು ಖಾಲಿ. ನಿನ್ನೆ ಮಾತ್ರ ಎಂಟು ಗಂಟೆ. ಅವನು ಸ್ಟಾರ್ ಆಗಿರಲಿಲ್ಲ, ಕೆಲಸಕ್ಕೆ ಹೋಗಿದ್ದ.

ಲೆಕ್ಕ ಹಾಕಿದೆವು. ಮೂಲ ವೇತನ 800. ಮೂವತ್ತರಿಂದ ಭಾಗಿಸಿ, ಎಂಟರಿಂದ ಭಾಗಿಸಿದರೆ ಗಂಟೆಗೆ 3 ದಿರ್ಹಮ್ 33 ಫಿಲ್ಸ್. ವಾರದ ರಜೆ ದಿನ ದುಡಿಸಿದರೆ ಬದಲಿ ರಜೆ ಕೊಡಬೇಕು, ಇಲ್ಲವಾದರೆ ಆ ದಿನದ ಕೂಲಿಗೆ ಮೂಲ ವೇತನದ ಶೇ. 50 ಸೇರಿಸಿ ಕೊಡಬೇಕು ಅಂತ ಕಾನೂನು. ಅಂದರೆ ಗಂಟೆಗೆ 5, ದಿನಕ್ಕೆ 40, ಎರಡು ಭಾನುವಾರಕ್ಕೆ 80 ದಿರ್ಹಮ್. ನಾವು 150 ಹಾಕಿದೆವು ಅಂತ ಬೀಗುತ್ತಿದ್ದೆವು. ಅವನು 150ರ ಜೊತೆ ಇನ್ನೂ 80 ಹಾಕಿದ್ದ, ಅದೂ ನಮ್ಮೆಲ್ಲರಿಗಿಂತ ಕಡಿಮೆ ಸಂಬಳದಲ್ಲಿ. ನಮ್ಮ ಶೀಟಲ್ಲಿ ಅದು ಸೊನ್ನೆ.

ಸಂಜೆ ಕ್ಯಾಂಪಿಗೆ ಹೋದೆವು. ಅವನು ರೊಟ್ಟಿ ಬಡಿಯುತ್ತಿದ್ದ. ತಲೆ ಎತ್ತದೇ ಹೇಳಿದ: "ತಪ್ಪು ತಿಳ್ಕೋಬ್ಯಾಡ್ರಿ ಸರ. ಈ ತಿಂಗಳ ರೊಕ್ಕ ಯಾಕ ಕಮ್ಮಿ ಬರ್ತೈತಿ ಅಂತ ಮನ್ಯಾಗ ಕೇಳಿದ್ಲು. ಸಿನಿಮಾ ಮಾಡಾಕತ್ತೀನಿ ಅಂತ ಹೆಂಗ ಹೇಳ್ಲಿ?"

ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಸಂಬಳ ತಡವಾದರೆ, ಓವರ್‌ಟೈಮ್ ಒಂದು ಗಂಟೆ ತಪ್ಪಿದರೆ ಕಿಟಕಿ ಹತ್ತಿರ ಬಂದು ಕೇಳುವವರ ಮುಖ ದಿನಾ ನೋಡುವವರು ನಾವು. ಇನ್ನೊಬ್ಬನ ದುಡಿಮೆಗೆ ಸೊನ್ನೆ ಬರೆಯೋದನ್ನು ಯಾರಾದರೂ ನಮಗೆ ಮಾಡಿದರೆ ಸುಮ್ಮನಿರ್ತೀವಾ? ಸಿನಿಮಾ, ಕಲೆ, ಕನ್ನಡ ಅನ್ನೋ ದೊಡ್ಡ ಮಾತಿನಡಿ ಅದನ್ನೇ ನಾವೂ ಮಾಡಿದ್ದೆವು.

ಅವತ್ತೇ ರಾತ್ರಿ ಆರೂ ಜನ ಕೂತು ಶೀಟ್ ಹೊಸದಾಗಿ ಬರೆದೆವು. ಮೊದಲ ಸಾಲು: ಕಳೆದುಹೋದ ಕೂಲಿ 80. ಅವನು ಬೇಡ ಬೇಡ ಅಂದ, ಕೊಟ್ಟೇ ಬಿಟ್ಟೆವು. ಎರಡನೆಯದು: ಯಾರ ಓವರ್‌ಟೈಮೂ ತಪ್ಪುವಂಥ ಶೂಟಿಂಗ್ ಬೇಡ. ಹಾಗಾದರೆ ಯಾವಾಗ? ರಾತ್ರಿ ಊಟ ಆದಮೇಲೆ, ಎರಡೇ ಗಂಟೆ, ಹತ್ತೂವರೆಗೆ ಬಂದ್. ಎಲ್ಲಿ? ಅವರ ರೂಮು, ಅವರ ಅಡುಗೆಮನೆ. ಕಥೆ ನಡೆಯೋದೂ ಅಲ್ಲೇ, ಅದೇ ಹೊತ್ತಿಗೇ ಅಲ್ವಾ! ಐದು ಜಾಗ ಎರಡಾಯ್ತು. ಟ್ಯಾಕ್ಸಿ ಖರ್ಚು ಹೋಯ್ತು. ಕ್ಯಾಂಪ್ ಬಾಸ್ ಹತ್ತಿರ ಅನುಮತಿ ಕೇಳಿದೆವು, ರೂಮಿನ ಎಲ್ಲರ ಒಪ್ಪಿಗೆ ಬರೆಸಿಕೊಂಡೆವು.

ಮೂರನೆಯದು ಒಂದು ಕಾಗದ. ಯಾರು ಎಷ್ಟು ಗಂಟೆ ದುಡಿದರು ಅಂತ ದಿನಾ ಬರೆಯೋದು. ನಾಳೆ ಈ ಚಿತ್ರಕ್ಕೆ ಒಂದು ಬಹುಮಾನವೋ ನಾಲ್ಕು ಕಾಸೋ ಬಂದರೆ ಆ ಗಂಟೆಗಳ ಪ್ರಕಾರ ಹಂಚೋದು. ಬರದೇ ಹೋದರೆ ಹೆಸರಾದರೂ ಪರದೆ ಮೇಲೆ ಸರಿಯಾಗಿ ಬರಬೇಕು. ಆರೂ ಜನ ಸಹಿ ಹಾಕಿದೆವು.

ಇನ್ನೊಂದು ಲಾಭ ಆಯ್ತು. ರೊಟ್ಟಿ ತಿನ್ನುತ್ತಾ ಅವನು ಸಹಜವಾಗಿ ಹೇಳಿದ: "ಸರ, ಮಗಳು ಮಲಗಿದ್ರ ನಾನು ಕಾಲ್ ಕಟ್ ಮಾಡಂಗಿಲ್ರೀ. ಆಕಿ ತಲಿದಿಂಬಿನ ಹತ್ರ ಫೋನ್ ಇಡು ಅಂತೀನಿ. ಸುಮ್ಮನ ಕೇಳ್ತೀನಿ. ಫ್ಯಾನಿನ ಸಪ್ಪಳ ಬರ್ತೈತಿ, ನಡುವ ಆಕಿ ಉಸುರು." ನಾವು ಬರೆದಿದ್ದ ಕ್ಲೈಮ್ಯಾಕ್ಸಲ್ಲಿ ಎರಡು ಪುಟ ಡೈಲಾಗ್ ಇತ್ತು, ಅಳು ಇತ್ತು. ಎಲ್ಲಾ ಹೊಡೆದು ಹಾಕಿದೆವು. ಈಗ ಚಿತ್ರ ಮುಗಿಯೋದು ಫ್ಯಾನಿನ ಸದ್ದಲ್ಲಿ. ರಾಮ್ ರೆಡ್ಡಿಯವರ 'ತಿಥಿ'ಯಲ್ಲಿ ಮಂಡ್ಯ ಕಡೆಯ ಹಳ್ಳಿ ಜನರೇ ಪಾತ್ರ ಮಾಡಿದ್ದು, 2015ರಲ್ಲಿ ಅದು ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದಿದ್ದು ನಮಗೆ ಮೊದಲೇ ಗೊತ್ತಿತ್ತು. ಬದುಕಿದವರನ್ನೇ ಕೇಳಬೇಕು ಅನ್ನೋದು ತಲೆಗೆ ಹೋಗಿದ್ದು ಈಗ.

ಕಷ್ಟ ಆಗಿದ್ದು ಸದ್ದಿನದು. ಚಿತ್ರ ಸ್ವಲ್ಪ ಕತ್ತಲೆ ಇದ್ದರೂ ಜನ ನೋಡ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗ್ತಾರೆ. ರೂಮಲ್ಲಿ ಎಸಿ ಗರ್ ಅನ್ನುತ್ತೆ. ಅದನ್ನು ನಿಲ್ಲಿಸಿದರೆ ಹತ್ತು ನಿಮಿಷಕ್ಕೆ ಎಲ್ಲರೂ ಬೆವರಲ್ಲಿ ತೊಪ್ಪೆ. ಬೀದರಿನ ಮೆಕ್ಯಾನಿಕ್‌ಗೆ ಅದೇ ಕೆಲಸ: "ಆಕ್ಷನ್" ಅಂದಾಗ ಎಸಿ ಬಂದ್, "ಕಟ್" ಅಂದಾಗ ಚಾಲೂ. ಮಂಡ್ಯದವನು ಮಂಚದ ಕಂಬಳಿಗಳನ್ನೇ ಗೋಡೆಗೆ ತೂಗುಹಾಕಿ ಪ್ರತಿಧ್ವನಿ ಕಮ್ಮಿ ಮಾಡಿದ. ಶೂಟ್ ಶುರು ಮಾಡೋ ಮುಂಚೆ ಎರಡು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ. ನಮ್ಮ ಮೊದಲ ರಾತ್ರಿಯ ಕೆಲಸ ಪೂರ್ತಿ ಹಾಳಾಗಿದ್ದು ಅದನ್ನು ಮಾಡದೇ ಇದ್ದದ್ದಕ್ಕೆ.

ಒಟ್ಟು ಒಂಬತ್ತು ರಾತ್ರಿ ಹಿಡಿಯಿತು. ಎಡಿಟಿಂಗ್ ಈಗ ಹಾಸನದ ಹುಡುಗನ ಲ್ಯಾಪ್‌ಟಾಪಲ್ಲಿ, ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯಲ್ಲಿ ನಡೀತಿದೆ. ಅವನಿಗೆ ಬಿಡುವಾದಾಗ ಮಾತ್ರ, ಆದ್ದರಿಂದ ಯಾವಾಗ ಬಿಡುಗಡೆ ಅಂತ ಅವನ ಅಂಗಡಿಗೆ ಹೋಗಿ ಕೇಳಬೇಡಿ. ಚಿತ್ರಕ್ಕೆ ಹೆಸರು ಇನ್ನೂ ಇಟ್ಟಿಲ್ಲ, ಆ ಜಗಳ ನಡೀತಾ ಇದೆ.

ಶುರು ಮಾಡಬೇಕು ಅಂತಿರುವವರಿಗೆ ನಮ್ಮ ಅನುಭವದ ಮಾತು ಇಷ್ಟೇ. ಮೊದಲು ನಿಮ್ಮ ಹತ್ತಿರ ಏನಿದೆ ಅಂತ ಪಟ್ಟಿ ಮಾಡಿ: ರೂಮು, ಹೊತ್ತು, ಜನ, ಫೋನ್. ಅದರೊಳಗೆ ಕೂರುವ ಕಥೆ ಬರೆಯಿರಿ. ಹತ್ತು ಹನ್ನೆರಡು ನಿಮಿಷ ಸಾಕು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ತಂದ ಚಿದಾನಂದ ನಾಯ್ಕ್ ಅವರ ಕನ್ನಡ ಚಿತ್ರ ಬರೀ ಹದಿನಾರು ನಿಮಿಷದ್ದು, ಶೂಟಿಂಗ್ ನಾಲ್ಕೇ ದಿನದ್ದು. ಅನುಮತಿ ತಗೊಳ್ಳಿ, ಚಂದಾ ಎತ್ತಬೇಡಿ. ಬಜೆಟ್ ಬರೆಯುವಾಗ ಸೊನ್ನೆ ಇರುವ ಸಾಲುಗಳನ್ನು ಮೊದಲು ನೋಡಿ, ಅಲ್ಲಿ ಯಾರ ಹೆಸರಿದೆ ಅಂತ.

ಕೊನೆಗೆ ಲೆಕ್ಕ ಒಪ್ಪಿಸಬೇಕಲ್ಲ. ಮೈಕ್, ಟ್ರೈಪಾಡ್, ಡಿಸ್ಕ್, ಲೈಟ್ ಸೇರಿ 495. ಊಟ ಚಹಾ 265, ಕ್ಯಾಂಪಲ್ಲೇ ಅಡುಗೆ ಮಾಡಿದ್ದರಿಂದ ಕಮ್ಮಿ. ಮೊದಲ ಎರಡು ಭಾನುವಾರದ ಟ್ಯಾಕ್ಸಿ 40. ಕಲಾವಿದರ ಕೂಲಿ 80. ಒಟ್ಟು 880. ಕೈಯಲ್ಲಿ ಉಳಿದದ್ದು 20 ದಿರ್ಹಮ್. ಚಿತ್ರ ಮುಗಿದ ದಿನ ಅದೇ ರೂಮಲ್ಲಿ ಮೊದಲ ಪ್ರದರ್ಶನ, ಚಹಾ ಅದರದ್ದು. ಇರೋದು ಎಂಟು ಮಂಚದ ರೂಮು, ಬರುವವರು ಮೊದಲೇ ಹೇಳಿ ಬನ್ನಿ.