ಅಪ್ಪನ ಗಾಡಿ, ಭಾಗ 5: ಬುಕ್ ನೋಡ್ಕೊಂಡ್ಯಾ?

ಫೋಟೊ ನೋಡಿ "ಕಾರು ಮಾರ್ತಿದ್ದೀಯಾ?" ಅಂತ ಮೆಸೇಜ್ ಮಾಡ್ಬೇಡಿ. ಇದು ನನ್ನ ತಪ್ಪು ಒಪ್ಪಿಕೊಳ್ಳೋ ಪೋಸ್ಟ್. ಹೋದ ಭಾಗದಲ್ಲಿ ಟಯರ್ ಬಗ್ಗೆ ಬರೆದಾಗ "ಆಯಿಲ್ ಯಾವುದು ಹಾಕ್ಬೇಕು, ಪೆಟ್ರೋಲ್ ಯಾವುದು?" ಅಂತ ನಮ್ಮ ಕ್ಲಾಸಿನವರೇ ಏಳೆಂಟು ಜನ ಕೇಳಿದ್ರಿ. ಉತ್ತರಕ್ಕಿಂತ ಮುಂಚೆ ಈ ಕಥೆ ಹೇಳ್ಲೇಬೇಕು.

ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಗಾಡಿ 2014ರದ್ದು, ಪೆಟ್ರೋಲ್, ಸೆಕೆಂಡ್ ಹ್ಯಾಂಡ್. ಅಪ್ಪ ಅದನ್ನ ಶೋಕಿಗೆ ತಗೊಂಡಿದ್ದಲ್ಲ. ಅಜ್ಜಿಗೆ ವಾರಕ್ಕೆ ಎರಡು ಸಲ ಹಾಸನದಲ್ಲಿ ಡಯಾಲಿಸಿಸ್. ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಮಾತ್ರ ಮೊದಲನೇ ಸರದಿ ಸಿಗುತ್ತೆ.

ಜನವರಿ ರಜೆಗೆ ಮನೆಗೆ ಹೋದಾಗ ಆಯಿಲ್ ಬದಲಾಯಿಸೋ ಸಮಯ ಆಗಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಓದ್ತಿರೋ ಮಗ ಮನೇಲಿರುವಾಗ ಗ್ಯಾರೇಜಿಗೆ ಯಾಕೆ ದುಡ್ಡು? "ನಾನೇ ಮಾಡ್ತೀನಿ" ಅಂದೆ. ಅಪ್ಪ ಒಂದೇ ಮಾತು ಕೇಳಿದ್ರು: "ಬುಕ್ ನೋಡ್ಕೊಂಡ್ಯಾ?"

"ಅದೆಲ್ಲ ನಂಗೊತ್ತು" ಅಂದೆ.

ಅಂಗಡಿಯವರು "ಹಳೇ ಗಾಡಿ ಅಲ್ವಾ, ದಪ್ಪ ಆಯಿಲ್ ಹಾಕಿ, ಎಂಜಿನ್ನಿಗೆ ಒಳ್ಳೇದು" ಅಂತ 20ಡಬ್ಲ್ಯೂ-50ರ ನಾಲ್ಕು ಲೀಟರ್ ಡಬ್ಬ ಕೊಟ್ಟರು. ದಪ್ಪ ಅಂದ್ರೆ ಗಟ್ಟಿ, ಗಟ್ಟಿ ಅಂದ್ರೆ ಒಳ್ಳೇದು ಅಂತ ನಾನೂ ನಂಬಿದೆ. ಹಳೇ ಆಯಿಲ್ ಇಳಿಸಿದೆ, ಫಿಲ್ಟರ್ ಬದಲಾಯಿಸಿದೆ, ಡಬ್ಬ ಪೂರ್ತಿ ಸುರಿದೆ. ಒಂದು ಲೀಟರ್ ಉಳಿಸ್ಕೊಂಡು ಏನು ಮಾಡೋದು ಅಂತ! ಡಿಪ್‌ಸ್ಟಿಕ್ ಎಳೆದು ನೋಡಲೂ ಇಲ್ಲ. ಹಾಗೇ ಬಂಕಿಗೆ ಹೋಗಿ ಪವರ್ ಬರಲಿ ಅಂತ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿಸಿದೆ.

ಮಾರನೇ ದಿನ ಬೆಳಗ್ಗೆ ಚಳಿಯಲ್ಲಿ ಗಾಡಿ ಎಳೆದೂ ಎಳೆದೂ ಸ್ಟಾರ್ಟ್ ಆಯ್ತು. ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬಾಳ್ಳುಪೇಟೆ ದಾಟೋ ಹೊತ್ತಿಗೆ ಹಿಂದೆ ನೀಲಿ ಹೊಗೆ. ಅಪ್ಪ ತಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದ್ರು. ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದು ಮೊಬೈಲ್ ಟಾರ್ಚಲ್ಲಿ ನೋಡಿದ್ರು. ಆಯಿಲ್ ಮೇಲಿನ ಗೆರೆ ದಾಟಿ ಎಲ್ಲೋ ಇತ್ತು. ನನ್ನ ಮುಖ ನೋಡಿದ್ರು, ಬೈಯಲಿಲ್ಲ. ಬೈದಿದ್ರೆ ವಾಸಿ ಇತ್ತು.

ಅಜ್ಜಿನ ಸರ್ಕಾರಿ ಬಸ್ಸು ಹತ್ತಿಸಿಕೊಂಡು ಅಪ್ಪ ಹೋದ್ರು. ನಾನು ಗಾಡಿ ಕಾಯ್ತಾ ಕೂತೆ. ಅವರು ತಲುಪೋದು ತಡ ಆಗಿದ್ದಕ್ಕೆ ಆವತ್ತು ಅಜ್ಜಿಗೆ ಅರ್ಧ ಗಂಟೆ ಕಡಿಮೆ ಡಯಾಲಿಸಿಸ್ ಆಯ್ತು. ರಾತ್ರಿ ಕಾಲು ಊದಿಕೊಂಡಿತ್ತು.

ರಸ್ತೆ ಬದಿ ಒಬ್ಬನೇ ಕೂತಾಗ ಡ್ಯಾಶ್‌ಬೋರ್ಡ್ ಡಬ್ಬಿಯಿಂದ ಆ ಬುಕ್ ತೆಗೆದೆ. ಎರಡನೇ ಫೋಟೊ ಅದೇ ಪುಟ. 5ಡಬ್ಲ್ಯೂ-30 ಅಂತ ಅಚ್ಚಾಗಿದೆ. ಪಕ್ಕದಲ್ಲಿ ಪೆನ್ಸಿಲಲ್ಲಿ ಅಪ್ಪನ ಅಕ್ಷರ: "ಫಿಲ್ಟರ್ ಸೇರಿ 3 ಲೀ." ಇಂಗ್ಲಿಷ್ ಓದೋಕೆ ಕಷ್ಟಪಡೋ ಅಪ್ಪ ಅದನ್ನ ಯಾರನ್ನೋ ಕೇಳಿ ಬರೆದಿಟ್ಟಿದ್ರು. ಇಂಗ್ಲಿಷ್ ಓದೋಕೆ ಬರೋ ನಾನು ತೆಗೆದೇ ನೋಡಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ.

5ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಅಂದ್ರೆ ವಿಂಟರ್, ಚಳಿಗಾಲ. ಮೊದಲನೇ ನಂಬರ್, ಆಯಿಲ್ ತಣ್ಣಗಿರುವಾಗ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಹೇಳುತ್ತೆ. ಕಡಿಮೆ ಇದ್ದಷ್ಟೂ ಬೇಗ ಹರಿಯುತ್ತೆ. ಎರಡನೇದು ಎಂಜಿನ್ ಬಿಸಿಯಾದ ಮೇಲೆ ಎಷ್ಟು ದಪ್ಪ ಉಳಿಯುತ್ತೆ ಅಂತ. ಬೆಳಗಿನ ಚಳಿಯಲ್ಲಿ ಜೋನಿಬೆಲ್ಲ ಸುರಿದು ನೋಡಿ, ಮಜ್ಜಿಗೆ ಸುರಿದು ನೋಡಿ. ಎಂಜಿನ್ ಸ್ಟಾರ್ಟ್ ಆದ ತಕ್ಷಣ ಆಯಿಲ್ ತಳದಿಂದ ಮೇಲಿನ ಭಾಗದವರೆಗೂ ಏರಬೇಕು. ಅದು ತಡ ಆದಷ್ಟೂ ಲೋಹಕ್ಕೆ ಲೋಹ ಉಜ್ಜುತ್ತೆ. ಒಳಗಿನ ಸಂದುಗಳು ಕೂದಲೆಳೆಗಿಂತ ಸಣ್ಣವು, ಒಂದು ಅಳತೆಯ ಆಯಿಲ್‌ಗೆ ಅಂತಲೇ ಮಾಡಿರ್ತಾರೆ. ದಪ್ಪ ಆಯಿಲ್ ಬೇಕಾದ ಎಂಜಿನ್ನೂ ಇವೆ. ನಮ್ಮದು ಅದಲ್ಲ, ಅಷ್ಟೇ.

ಡಬ್ಬದ ಮೇಲೆ ಎಪಿಐ ಅಂತ ಇನ್ನೊಂದು ಗುರುತು ನೋಡಿ. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಇಂದ ಶುರುವಾದರೆ ಡೀಸೆಲ್‌ಗೆ. ಎಸ್‌ಎನ್‌ಗಿಂತ 2020ರಲ್ಲಿ ಬಂದ ಎಸ್‌ಪಿ ಹೊಸದು. ಬುಕ್ಕಲ್ಲಿ ಎಸ್‌ಎನ್ ಅಂತ ಇದ್ದರೆ ಅದೇ ದಪ್ಪದ ಎಸ್‌ಪಿ ಹಾಕಬಹುದು.

ಆಯಿಲ್ ಜಾಸ್ತಿ ಆದರೆ ಏನಾಗುತ್ತೆ? ತಿರುಗೋ ಕ್ರ್ಯಾಂಕ್‌ಶಾಫ್ಟ್ ಅದನ್ನ ಕಡೆದು ನೊರೆ ಮಾಡುತ್ತೆ. ನೊರೆ ಸರಿಯಾಗಿ ಲೂಬ್ರಿಕೇಟ್ ಮಾಡಲ್ಲ. ಹೆಚ್ಚಾದ ಆಯಿಲ್ ಗಾಳಿಯ ದಾರಿಯಲ್ಲಿ ಎಂಜಿನ್ನೊಳಗೆ ಹೋಗಿ ಸುಡುತ್ತೆ. ನಮ್ಮ ನೀಲಿ ಹೊಗೆ ಅದೇ. ನೋಡೋದು ಹೇಗೆ? ಗಾಡಿ ಸಮತಟ್ಟು ಜಾಗದಲ್ಲಿರಲಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಡಿ, ಡಿಪ್‌ಸ್ಟಿಕ್ ಒರೆಸಿ ಮತ್ತೆ ಹಾಕಿ ತೆಗೀರಿ. ಎರಡು ಗೆರೆಗಳ ಮಧ್ಯೆ ಇದ್ದರೆ ಸರಿ.

ಇನ್ನು ಪೆಟ್ರೋಲ್. ಆಕ್ಟೇನ್ ನಂಬರ್ ಅಂದ್ರೆ ಪವರ್ ಅಲ್ಲ. ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನಾಗೇ ಹೊತ್ತಿಕೊಂಡು ಎಂಜಿನ್ ಕುಟ್ಟೋದನ್ನ ಎಷ್ಟು ತಡೆಯುತ್ತೆ ಅನ್ನೋ ಅಳತೆ ಅದು. ನಮ್ಮ ಬುಕ್ಕಲ್ಲಿ 91 ಸಾಕು ಅಂತಿದೆ. ನಾನು ಜಾಸ್ತಿ ಕೊಟ್ಟ ದುಡ್ಡಿಗೆ ಬಂದಿದ್ದು ಬಿಲ್ ಮಾತ್ರ.

ಈ20 ಬಗ್ಗೆಯೂ ಕೇಳಿದ್ರಿ. ಶೇ. 20 ಎಥನಾಲ್ ಬೆರೆಸಿದ ಈ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ರಂದು. ಎಥನಾಲಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತೆ. ಅದು ನೀರನ್ನೂ ಹೀರುತ್ತೆ. ಹಳೇ ಗಾಡಿ ಇರೋರು ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪು, ರಬ್ಬರ್ ಭಾಗ ನೋಡಿಸಿ. ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸ್ಬೇಡಿ. ನಿಮ್ಮ ಗಾಡಿಗೆ ಏನು ಆಗುತ್ತೆ ಅನ್ನೋದು ಬುಕ್ಕಲ್ಲಿರುತ್ತೆ, ಪೆಟ್ರೋಲ್ ಮುಚ್ಚಳದ ಒಳಗಡೆಯೂ ಎಷ್ಟೋ ಸಲ ಬರೆದಿರುತ್ತೆ.

ನಮ್ಮ ಗಾಡಿ ಉಳೀತು. ಅಪ್ಪ ತಕ್ಷಣ ನಿಲ್ಲಿಸಿದ್ದೇ ಕಾರಣ. ಮಾರನೇ ದಿನ ಇಬ್ಬರೂ ಸೇರಿ ಎಲ್ಲಾ ಇಳಿಸಿ, 5ಡಬ್ಲ್ಯೂ-30 ಹಾಕಿದ್ವಿ. ಈ ಸಲ ಅಪ್ಪ ಡಿಪ್‌ಸ್ಟಿಕ್ ಹಿಡಿದಿದ್ರು, ನಾನು ಬುಕ್ ಹಿಡಿದಿದ್ದೆ.

ಅಜ್ಜಿ ಈಗಲೂ ಗಾಡಿ ಹತ್ತೋ ಮುಂಚೆ ಕೇಳ್ತಾರೆ: "ಎಣ್ಣೆ ಸರಿಯಾಗಿ ಹಾಕಿದ್ಯೇನೋ?" ಮನೆಯವರೆಲ್ಲ ನಗ್ತಾರೆ. ನಾನು ಮಾತ್ರ ಇಳಿದು ಇನ್ನೊಂದು ಸಲ ನೋಡ್ತೀನಿ.

ಇವತ್ತು ಮನೆಗೆ ಹೋಗಿ ನಿಮ್ಮ ಗಾಡಿಯ ಬುಕ್ ತೆಗೆದು ಆಯಿಲ್ ನಂಬರ್ ಕಾಮೆಂಟ್ ಮಾಡಿ. ಬುಕ್ಕೇ ಸಿಗಲಿಲ್ಲ ಅಂದ್ರೆ ಅದನ್ನೂ ಹೇಳಿ. ಭಾಗ 6ರಲ್ಲಿ ಬ್ಯಾಟರಿ.